ಗಿರಣಿ ಅಂತ ಯಾಕೆ ಕರೀತಾರೆ?

ಕಣ್ಣು ಬಿಟ್ಟಾಗ ಅವಳ ಮಿಷನ್ ನೆಲದ ಮೇಲೆ ತುಂಡು ತುಂಡಾಗಿ ಬಿದ್ದಿತ್ತು.

ಐಸ್‌ಕ್ರೀಮ್ ಕಡೆಯುವ ಮಿಷನ್ ಅದು. ಬೆಳಿಗ್ಗೆಯಿಂದ ನಿಂತು ನಿಂತು ಕಾಲು ಸೋತಿದ್ದವು. ತೊಳೆಯಲು ನೀರು ಹಾಕಿ ಅದನ್ನು ತಿರುಗಲು ಬಿಟ್ಟು, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರೋಣ ಎಂದು ಕೂತವಳು ಹಾಗೆಯೇ ನಿದ್ದೆ ಹೋಗಿದ್ದಳು. ಈಗ ನೋಡಿದರೆ ಮುಚ್ಚಳ ಒಂದು ಕಡೆ, ಬೆಲ್ಟ್ ಒಂದು ಕಡೆ, ಬ್ಲೇಡು ಸಿಂಕಿನೊಳಗೆ!

ಅವುಗಳ ನಡುವೆ ಮೊಣಕಾಲೂರಿ ಒಬ್ಬ ಗಂಡಸು ಕೂತಿದ್ದ. ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಮಿಷನ್ನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

“ಯಾರ್ರೀ ನೀವು? ಏನ್ ಮಾಡ್ತಿದೀರಾ?”

ಫ್ರಿಜ್ ಮೆಕ್ಯಾನಿಕ್ ಎಂದ. ಅಂಗಡಿಯ ದೊಡ್ಡ ಫ್ರೀಜರ್ ಸರಿಯಾಗಿ ತಂಪಾಗುತ್ತಿಲ್ಲ ಎಂದು ಅಕ್ಕ ಫೋನ್ ಮಾಡಿದ್ದಳಂತೆ. ಒಳಗೆ ಹೋಗಿ ನೋಡಿ ಎಂದು ಕಳಿಸಿದ್ದೂ ಅವಳೇ.

“ಫ್ರೀಜರ್ ಅಲ್ಲಿದೆ. ಇದನ್ನ ಯಾಕೆ ಬಿಚ್ಚಿದ್ರಿ?”

“ಸದ್ದು ಬರ್ತಿತ್ತು... ಕರಕರ ಅಂತ. ಬೇರಿಂಗ್ ಹೋಗಿದೆಯೇನೋ ಅಂದ್ಕೊಂಡೆ.”

“ನನ್ನ ಮಿಷನ್ ಇವತ್ತಿನವರೆಗೂ ಕರಕರ ಅಂದಿಲ್ಲ.”

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ತೆರೆದ ಬಾಯನ್ನು ಮುಚ್ಚಿಕೊಂಡ. ಆಮೇಲೆ ತಲೆ ತಗ್ಗಿಸಿ, ತಪ್ಪು ತನ್ನದೇ, ಮಿಷನ್ ಚೆನ್ನಾಗಿಯೇ ಇದೆ, ಪೂರ್ತಿ ಜೋಡಿಸಿಯೇ ಹೋಗುತ್ತೇನೆ ಎಂದ.

ಅಷ್ಟಕ್ಕೆ ಬಿಡುವ ಹೆಣ್ಣಲ್ಲ ಅವಳು. ಸಂಜೆಯ ಹೊತ್ತಿಗೆ ಪಿಸ್ತಾ ಆಗಬೇಕಿತ್ತು, ಚಾಕೊಲೇಟ್ ಆಗಬೇಕಿತ್ತು. ಗಿರಾಕಿಗಳು ಬಂದರೆ ಈ ಬೋಲ್ಟು ನಟ್ಟುಗಳನ್ನು ಕಪ್ಪಿಗೆ ಹಾಕಿ ಕೊಡಲೇ ಎಂದು ತರಾಟೆಗೆ ತೆಗೆದುಕೊಂಡಳು. ಅವನು ಒಂದಕ್ಕೂ ಎದುರಾಡಲಿಲ್ಲ. ಬೈಸಿಕೊಂಡು ಅಷ್ಟು ಶಾಂತವಾಗಿ ಕೆಲಸ ಮಾಡುವ ಗಂಡಸನ್ನು ಅವಳು ಈವರೆಗೆ ನೋಡಿರಲಿಲ್ಲ. ಅದರಿಂದ ಅವಳ ಸಿಟ್ಟು ಇನ್ನೂ ಸ್ವಲ್ಪ ಏರಿತು.

ಬೈಯುವಾಗ ದವಡೆ ನೋಯುತ್ತಿತ್ತು. ಕಿವಿಯ ಕೆಳಗೆ ಕೈಯಿಟ್ಟು ಒತ್ತಿಕೊಂಡಳು. ಅವನು ಅದನ್ನೂ ನೋಡಿದ.

ಆ ಅಂಗಡಿ ಅಕ್ಕ, ಭಾವ ಮತ್ತು ಅವಳದ್ದು. ಮುಂದೆ ಕೌಂಟರ್, ಗಾಜಿನ ಪೆಟ್ಟಿಗೆ, ನಾಲ್ಕಾರು ಮೇಜು. ಹಿಂದೆ ಅವಳ ಕೆಲಸದ ಕೋಣೆ. ಅಕ್ಕ ಗಿರಾಕಿಗಳನ್ನು ನೋಡಿಕೊಂಡರೆ, ಭಾವ ಸಾಮಾನು ತರುವುದು, ಆರ್ಡರ್ ಮುಟ್ಟಿಸುವುದು ನೋಡಿಕೊಳ್ಳುತ್ತಿದ್ದರು. ಐಸ್‌ಕ್ರೀಮ್ ಮಾತ್ರ ಅವಳ ಕೈಯದೇ ಆಗಬೇಕು. ಯಾವುದಕ್ಕೆ ಎಷ್ಟು ಸಕ್ಕರೆ, ಯಾವಾಗ ಮಿಷನ್ ನಿಲ್ಲಿಸಬೇಕು ಎಂಬುದೆಲ್ಲ ಅವಳ ನಾಲಿಗೆಯಲ್ಲಿತ್ತು.

ಮನೆಯಲ್ಲಿ ಅವಳನ್ನು ‘ಗಿರಣಿ’ ಎಂದು ಕರೆಯುತ್ತಿದ್ದರು. ಹೆಸರಿಟ್ಟವರು ಭಾವ. ನಿದ್ದೆಯಲ್ಲಿ ಅವಳು ಹಲ್ಲು ಕಡಿಯುತ್ತಿದ್ದಳು. ಅದೂ ಅಂತಿಂಥ ಕಡಿಯುವುದಲ್ಲ, ಪಕ್ಕದ ಕೋಣೆಗೆ ಕೇಳುವಷ್ಟು. ಮದುವೆಯಾದ ಹೊಸದರಲ್ಲಿ ಭಾವ ಒಂದು ಬೆಳಿಗ್ಗೆ, ನಿಮ್ಮ ಮನೇಲಿ ಹಿಟ್ಟಿನ ಗಿರಣಿ ಇದೆ ಅಂತ ಯಾರೂ ಹೇಳಲೇ ಇಲ್ಲವಲ್ಲ ಎಂದಿದ್ದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಹೆಸರು ಅಂಟಿಕೊಂಡಿತು.

ನಕ್ಕಳೇನೋ ನಿಜ. ಆದರೆ ಹಾಸ್ಟೆಲ್‌ನಲ್ಲಿ ಜೀವದ ಗೆಳತಿಯಾಗಿದ್ದವಳು ಒಂದು ಮಾತೂ ಹೇಳದೆ ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋಗಿದ್ದನ್ನು ಅವಳು ಮರೆತಿರಲಿಲ್ಲ. ಕಾರಣ ಬೇರೆಯವರ ಬಾಯಿಂದ ಗೊತ್ತಾಗಿತ್ತು. ಅಂದಿನಿಂದ ಅವಳು ಯಾರ ಮನೆಯಲ್ಲೂ ಉಳಿದಿಲ್ಲ. ಯಾರ ಪಕ್ಕವೂ ಮಲಗಿಲ್ಲ.

‘ಒಂದು ಕೋಣೆಯಲ್ಲಿ ಗೆಳತಿಗೇ ಇರಲಾಗಲಿಲ್ಲ. ಇನ್ನು ಗಂಡ ಅನ್ನಿಸಿಕೊಂಡವನು ಇರುತ್ತಾನಾ...’

ಮದುವೆಯ ಮಾತು ಬಂದಾಗಲೆಲ್ಲ ಅವಳು ಏನೋ ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಿದ್ದುದು ಇದಕ್ಕೇ.

ಮೆಕ್ಯಾನಿಕ್ ಮತ್ತೆ ಬಂದ. ಫ್ರೀಜರ್‌ಗೆ ಗ್ಯಾಸ್ ತುಂಬಲು ಬಂದ, ಬಾಗಿಲಿನ ರಬ್ಬರ್ ಬದಲಿಸಲು ಬಂದ. ಆಮೇಲೆ ಏನೂ ಕೆಟ್ಟಿಲ್ಲದಿದ್ದರೂ, ಈ ಕಡೆ ಬಂದಿದ್ದೆ, ಹಾಗೇ ಒಂದು ಸಲ ನೋಡಿಕೊಂಡು ಹೋಗೋಣ ಅಂತ ಎಂದು ಬಂದ. ಅಕ್ಕ ಅವಳ ಕಡೆ ನೋಡಿ ಹುಬ್ಬು ಹಾರಿಸಿದಳು. ಅವಳು ನೋಡದವಳಂತೆ ಹಾಲು ಸೋಸಿದಳು.

ಅವನು ಕೆಲಸ ಮಾಡುವ ರೀತಿಯೇ ಬೇರೆ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಒಳಗೆ ಎಲ್ಲಿ ಏನು ತಿಕ್ಕುತ್ತಿದೆ ಎಂದು ಹಾಗೆ ಗೊತ್ತಾಗುತ್ತದಂತೆ. ಅಷ್ಟು ಹೊತ್ತು ಅವನ ಮುಖವನ್ನು ಧಾರಾಳವಾಗಿ ನೋಡಬಹುದು ಎಂದು ಅವಳು ಬೇಗನೆ ಕಂಡುಕೊಂಡಳು.

ಅಷ್ಟರಲ್ಲಿ ಅವಳ ಹಲ್ಲು ಕೈ ಕೊಟ್ಟಿತ್ತು. ಬೆಳಿಗ್ಗೆ ಏಳುವಾಗಲೇ ದವಡೆ ಬಿಗಿದಿರುತ್ತಿತ್ತು, ತಲೆ ಸಿಡಿಯುತ್ತಿತ್ತು. ತಣ್ಣಗಿನದು ತಾಗಿದರೆ ಹಲ್ಲಿನಿಂದ ಕಿವಿಯವರೆಗೆ ಜುಂ ಎನ್ನುತ್ತಿತ್ತು. ಐಸ್‌ಕ್ರೀಮ್ ಮಾಡುವವಳಿಗೆ ಐಸ್‌ಕ್ರೀಮ್ ಬಾಯಿಗಿಡಲು ಭಯ!

ಜೀವನವಿಡೀ ಸಿಹಿ ರುಚಿ ನೋಡಿ ನೋಡಿ ಹಲ್ಲೆಲ್ಲ ಹುಳುಕಾಗಿದೆ, ಡಾಕ್ಟರ್ ಹತ್ತಿರ ಹೋದರೆ ಸಾಲಾಗಿ ಕೀಳುತ್ತಾರೆ ಎಂದು ಅವಳು ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು. ಹಾಗಾಗಿ ಅಕ್ಕನಿಗೂ ಹೇಳಿರಲಿಲ್ಲ.

ಹೇಳದೆ ಮಾಡಿದ ಉಪಾಯವೆಂದರೆ ಮೆಕ್ಯಾನಿಕ್‌ನ ನಾಲಿಗೆ. ಹೊರಗಿನವರ ಅಭಿಪ್ರಾಯ ಬೇಕು ಎಂದು ಅವನ ಮುಂದೆ ಕಪ್ಪು ಇಡುತ್ತಿದ್ದಳು. ಅವನು ಮೊದಮೊದಲು ಎಲ್ಲದಕ್ಕೂ ಚೆನ್ನಾಗಿದೆ ಎನ್ನುತ್ತಿದ್ದ. ಹಾಗಂದರೆ ನನಗೇನು ಉಪಯೋಗ ಎಂದು ಗದರಿದ ಮೇಲೆ ಪಳಗಿದ. ನಿಂಬೆಯದು ಕೊನೆಯಲ್ಲಿ ಸ್ವಲ್ಪ ಕಹಿ, ಸಿಪ್ಪೆ ಜಾಸ್ತಿ ತುರಿದಿದ್ದೀರಿ ಎಂದು ಅವನು ಹೇಳಿದ ದಿನ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಅವನು ಹೋದ ಮೇಲೂ ಒಬ್ಬಳೇ ನಗುತ್ತಿದ್ದಳು.

ಒಂದು ದಿನ ಭಾವ ಹೊರಗಿನಿಂದ, ಗಿರಣೀ, ಕಪ್ಪುಗಳೆಲ್ಲಿ ಎಂದು ಕೂಗಿದರು. ಮೆಕ್ಯಾನಿಕ್ ಚಮಚ ಕೆಳಗಿಟ್ಟು ಕೇಳಿದ.

“ಗಿರಣಿ ಅಂತ ಯಾಕೆ ಕರೀತಾರೆ?”

ಬಿಡುವಿಲ್ಲದೆ ಕೆಲಸ ಮಾಡುತ್ತೇನಲ್ಲ, ಅದಕ್ಕೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದಳು. ಅವನು ಹೌದೆಂದು ತಲೆಯಾಡಿಸಿದ. ನಂಬಿದ ಎಂದುಕೊಂಡು ಅವಳು ಉಸಿರು ಬಿಟ್ಟಳು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದು ನಡೆದುಹೋಯಿತು.

ನಿಂಬೆಯ ಐಸ್‌ಕ್ರೀಮನ್ನು ಮತ್ತೆ ಮಾಡಿದ್ದಳು. ಈ ಸಲ ಕಹಿಯಿಲ್ಲ ಎಂದ ಅವನು. ಆಮೇಲೆ ಇನ್ನೊಂದು ಚಮಚ ತೆಗೆದುಕೊಂಡು, ತುಂಬಿ, ಅವಳ ಮುಂದೆ ಹಿಡಿದ. ಯಾವಾಗಲೂ ನಾನೊಬ್ಬನೇ ತಿನ್ನುತ್ತೇನೆ, ಇವತ್ತು ನೀವೂ ತಿನ್ನಿ ಎಂದ.

ಬೇಡವೆನ್ನಲು ಅವಳಿಗೆ ಮನಸ್ಸಾಗಲಿಲ್ಲ. ಬಾಯಿಗಿಟ್ಟುಕೊಂಡಳು.

“ನಾನು ತುಂಬ ದಿನದಿಂದ ಕೇಳ್ಬೇಕು ಅಂತಿದ್ದೆ... ನಾವಿಬ್ರೂ ಮದುವೆ ಆಗೋಣ್ವಾ?”

ಅವಳು ಕೇಳಿಸಿಕೊಂಡಳು. ಪ್ರತಿಯೊಂದು ಅಕ್ಷರವನ್ನೂ ಕೇಳಿಸಿಕೊಂಡಳು. ಜೀವಮಾನದಲ್ಲಿ ಯಾವ ಮಾತು ತನಗಲ್ಲ ಎಂದುಕೊಂಡಿದ್ದಳೋ ಅದೇ ಮಾತು.

ಅದೇ ಗಳಿಗೆಯಲ್ಲಿ ಐಸ್‌ಕ್ರೀಮ್ ಎಡಗಡೆಯ ದವಡೆ ಹಲ್ಲಿಗೆ ತಾಗಿತು.

ಕಣ್ಣು ಕತ್ತಲೆ ಬಂತು. ಮುಖ ಕಿವುಚಿಕೊಂಡಿತು. ಒಂದು ಕೈ ಬಾಯಿಗೆ ಹೋಯಿತು, ಇನ್ನೊಂದು ಕೈ ತಡೆಯುವಂತೆ ಮುಂದೆ ಚಾಚಿತು. ಏನೂ ಹೇಳಲಾಗದೆ ತಿರುಗಿ ಹಿಂದಿನ ನಲ್ಲಿಗೆ ಓಡಿದಳು. ಬಾಯಿಗೆ ಬೆಚ್ಚಗಿನ ನೀರು ತುಂಬಿಕೊಂಡು, ನೋವು ಇಳಿಯುವವರೆಗೆ ಗೋಡೆಗೆ ಹಣೆಯಿಟ್ಟು ನಿಂತಳು. ನಿಂತಲ್ಲೇ ಉತ್ತರ ಸಿದ್ಧ ಮಾಡಿಕೊಂಡಳು. ಒಪ್ಪಿಗೆ. ಆದರೆ ಮೊದಲು ಗಿರಣಿಯ ವಿಷಯ ಹೇಳಬೇಕು. ಹೇಳಿಯೇ ಹೇಳುತ್ತೇನೆ ಎಂದುಕೊಂಡು ಮುಖ ಒರೆಸಿಕೊಂಡು ಬಂದಳು.

ಅವನಿರಲಿಲ್ಲ. ಟೂಲ್ಸ್ ಚೀಲವೂ ಇರಲಿಲ್ಲ. ಕೌಂಟರಿನ ಹತ್ತಿರ ಭಾವ ಒಬ್ಬರೇ ನಿಂತಿದ್ದರು.

“ಎಲ್ಲಿ ಅವ್ರು?”

“ಈಗ ತಾನೇ ಹೋದ. ಮಾತಾಡ್ತಾ ನಿಂತಿದ್ವಿ. ನಿನ್ನ ಹೆಸರಿನ ಕಥೆ ಹೇಳಿದೆ ನೋಡು, ನಗ್ಲೂ ಇಲ್ಲ ಪುಣ್ಯಾತ್ಮ. ಸುಮ್ನೆ ಹೊರಟುಬಿಟ್ಟ.”

ಅವಳು ಅಲ್ಲೇ ಕುರ್ಚಿ ಹಿಡಿದು ಕೂತಳು. ‘ಹಾಸಿಗೆ ಸುತ್ತಿಕೊಂಡು ಹೋದವಳ ಹಾಗೇ... ಇವನೂ ಹೋದ.’

ಮುಂದಿನ ಸರ್ವಿಸಿಗೆ ಬೇರೊಬ್ಬ ಮೆಕ್ಯಾನಿಕ್ ಬಂದರು. ವಯಸ್ಸಾದವರು, ದಪ್ಪಗಿದ್ದರು, ಬಾಯಿ ತುಂಬ ಮಾತು. ಕಪ್ಪು ಮುಂದಿಟ್ಟರೆ, ಶುಗರ್ ಇದೆಯಮ್ಮ ಎಂದು ದೂರ ಸರಿಸಿದರು. ಮೊದಲಿನವರು ಯಾಕೆ ಬರಲಿಲ್ಲ ಎಂದು ಅಕ್ಕ ಕೇಳಿದಳು. ಆ ಅಂಗಡಿಗೆ ನೀವೇ ಹೋಗಿ ಎಂದು ಅವನೇ ಹೇಳಿದನಂತೆ. ಒಳಗಿದ್ದ ಅವಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಆ ವಾರ ಅವಳು ಹೇಗೆ ಹಲ್ಲು ಕಡಿದಳೆಂದರೆ, ಬೆಳಿಗ್ಗೆ ಬಾಯಿ ತೆರೆಯಲೂ ಆಗಲಿಲ್ಲ. ತುತ್ತು ಅಗಿಯಲಾಗದೆ ತಟ್ಟೆಯ ಮುಂದೆ ಕಣ್ಣೀರು ಹಾಕಿದಳು. ಅಳು ಹಲ್ಲಿಗೋ ಅವನಿಗೋ ಅವಳಿಗೇ ಗೊತ್ತಿರಲಿಲ್ಲ. ಅಕ್ಕ ಕೈ ಹಿಡಿದು ಸೀದಾ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಬಾಯೊಳಗೆ ಕನ್ನಡಿ ಹಾಕಿ ನೋಡಿದರು, ದವಡೆಯ ಸ್ನಾಯು ಒತ್ತಿ ನೋಡಿದರು.

“ಒಂದೂ ಹುಳುಕಾಗಿಲ್ಲ. ನಿದ್ದೆಯಲ್ಲಿ ಹಲ್ಲು ಕಡೀತೀರಾ?”

ಅವಳು ಅಕ್ಕನ ಮುಖ ನೋಡಿದಳು. ಅಕ್ಕ, ಕಡೀತಾಳೆ ಡಾಕ್ಟ್ರೇ, ಚಿಕ್ಕಂದಿನಿಂದ ಎಂದಳು. ಅದನ್ನು ಹೇಳುವಾಗ ಅಕ್ಕ ನಗಲಿಲ್ಲ.

ಡಾಕ್ಟರಮ್ಮ ಅವಳ ಕೈಗೆ ಒಂದು ಕನ್ನಡಿ ಕೊಟ್ಟು ಹಲ್ಲು ತೋರಿಸಿದರು. ಮೊನಚು ಇರಬೇಕಾದಲ್ಲೆಲ್ಲ ಸಪಾಟಾಗಿತ್ತು. ಮೇಲಿನ ಗಟ್ಟಿ ಪದರ ಸವೆದು ಒಳಗಿನ ಹಳದಿ ಕಾಣುತ್ತಿತ್ತು. ತಣ್ಣಗಿನದು ಅಲ್ಲಿಂದಲೇ ನರಕ್ಕೆ ಮುಟ್ಟುವುದು ಎಂದರು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. ಮಲಗುವಾಗ ಹಾಕಿಕೊಳ್ಳಲು ಹಲ್ಲಿನ ಅಳತೆಗೆ ಒಂದು ಗಾರ್ಡ್ ಮಾಡಿಸಬೇಕು, ಜುಂ ಎನ್ನುವುದಕ್ಕೆ ಬೇರೆ ಪೇಸ್ಟ್, ಸ್ವಲ್ಪ ದಿನ ತಣ್ಣಗಿನದು ಬೇಡ.

“ಗಾರ್ಡ್ ಹಾಕಿದ್ರೆ ಕಡಿಯೋದು ನಿಲ್ಲುತ್ತಾ?” ಅವಳಿಗೆ ಬೇಕಾಗಿದ್ದುದು ಅದೊಂದೇ ಉತ್ತರ.

“ನಿಲ್ಲುತ್ತೆ ಅಂತ ಹೇಳಲ್ಲ. ಹಲ್ಲು ಉಳಿಯುತ್ತೆ. ಚಿಂತೆ ಕಡಿಮೆಯಾದ್ರೆ ಕಡಿಯೋದೂ ಕಡಿಮೆಯಾಗ್ಬಹುದು. ಇದರಲ್ಲಿ ನಾಚಿಕೆ ಪಡೋದೇನಿದೆ? ನಿದ್ದೇಲಿ ಆಗೋದು, ನೀವು ಬೇಕು ಅಂತ ಮಾಡೋದಲ್ಲ.”

ಹಾಗೆ ಹೇಳುತ್ತಲೇ, ಯಾವ ಹಲ್ಲು ಹೆಚ್ಚು ನೋಯುತ್ತದೆ ಎಂದು ನೋಡಲು ಎಡಗಡೆಗೆ ಸಣ್ಣಗೆ ತಣ್ಣನೆಯ ಗಾಳಿ ಊದಿದರು.

ಕೈಯಲ್ಲಿ ಕನ್ನಡಿ ಇನ್ನೂ ಇತ್ತು. ಅವಳು ತನ್ನ ಮುಖ ನೋಡಿಕೊಂಡಳು.

ಮೂಗು ಮೇಲಕ್ಕೇರಿತ್ತು. ತುಟಿ ಸೊಟ್ಟಗಾಗಿತ್ತು. ಕಣ್ಣು ಕಿರಿದಾಗಿ, ಏನೋ ಹೇಸಿಗೆಯನ್ನು ತುಳಿದವಳ ಹಾಗೆ ಇತ್ತು ಆ ಮುಖ. ಇಂಥ ಮುಖವನ್ನು ತಾನು ಹೊತ್ತಿದ್ದೇನೆ ಎಂದು ಅವಳಿಗೆ ಈವರೆಗೆ ಗೊತ್ತೇ ಇರಲಿಲ್ಲ.

‘ಅಯ್ಯೋ... ಅವನು ಮದುವೆ ಆಗೋಣ್ವಾ ಅಂದಾಗ ನಾನು ಈ ಮುಖ ಮಾಡಿದೆ.’

ಮನೆಗೆ ಬರುವ ದಾರಿಯಲ್ಲಿ ಅಕ್ಕನಿಗೆ ಎಲ್ಲ ಹೇಳಿದಳು. ಚಮಚ, ನಿಂಬೆ, ಅವನ ಮಾತು, ತನ್ನ ಮುಖ. ಅಕ್ಕ ರಸ್ತೆಯಲ್ಲೇ ನಿಂತುಬಿಟ್ಟಳು. ಮನೆಗೆ ಬಂದವಳು ಗಂಡನನ್ನು ಒಳಗೆ ಕರೆದು ಏನು ಹೇಳಿದಳೋ, ಭಾವ ಹೊರಗೆ ಬಂದಾಗ ಮುಖ ಸಪ್ಪಗಾಗಿತ್ತು.

“ತಪ್ಪಾಯ್ತು ಕಣಮ್ಮ. ತಮಾಷೆ ಅಂದ್ಕೊಂಡಿದ್ದೆ. ನಿನಗೆ ಇಷ್ಟು ನೋವಿದೆ ಅಂತ ಗೊತ್ತಾಗ್ಲಿಲ್ಲ. ನಾನೇ ಹೋಗಿ ಅವನ ಹತ್ರ ಮಾತಾಡ್ಲಾ?”

ಬೇಡವೆಂದಳು. ತಾನೇ ಹೋಗಬೇಕು. ಆದರೆ ಕಾಲು ಏಳಲಿಲ್ಲ. ಅವನು ಹೋಗಿದ್ದು ಮುಖ ನೋಡಿಯಾದರೆ ಒಂದು ಮಾತಿನಲ್ಲಿ ಸರಿಹೋಗುತ್ತದೆ. ಭಾವನ ಕಥೆ ಕೇಳಿಯಾದರೆ? ಗಾರ್ಡ್ ಹಾಕಿದರೂ ಸದ್ದು ನಿಲ್ಲುತ್ತದೆಂದು ಡಾಕ್ಟರೇ ಹೇಳಲಿಲ್ಲವಲ್ಲ.

ಗಾರ್ಡ್ ಬಂತು. ಮೊದಮೊದಲು ಬಾಯಲ್ಲಿ ಬೇರೆ ಯಾರದೋ ಹಲ್ಲು ಇಟ್ಟುಕೊಂಡಂತೆ ಅನಿಸಿತು. ನಿಧಾನವಾಗಿ ಬೆಳಗಿನ ತಲೆನೋವು ಇಳಿಯಿತು, ದವಡೆ ಸಡಿಲವಾಯಿತು. ಒಂದು ಮಧ್ಯಾಹ್ನ ನಿಂಬೆಯ ಐಸ್‌ಕ್ರೀಮ್ ಕಡೆಯುತ್ತಾ, ಇದರ ರುಚಿ ಹೇಳಲು ಅವನಿಲ್ಲ ಎನಿಸಿತು. ಅಷ್ಟೇ. ಏಪ್ರನ್ ಬಿಚ್ಚಿ ಅಕ್ಕನಿಗೆ ಹೇಳಿ ಹೊರಟಳು.

ಅವನ ವರ್ಕ್‌ಶಾಪಿನ ಮುಂದೆ ಬಾಗಿಲು ಕಿತ್ತ ಹಳೆಯ ಫ್ರಿಜ್‌ಗಳು ಸಾಲಾಗಿ ನಿಂತಿದ್ದವು. ಒಳಗೆ ಅವನು ಒಂದು ಕಂಪ್ರೆಸರಿಗೆ ಸ್ಕ್ರೂಡ್ರೈವರ್ ತಾಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ಕಾದಳು. ಕಣ್ಣು ಬಿಟ್ಟವನು ಗಡಬಡಿಸಿ ಎದ್ದು, ಕೂರಲು ಸ್ಟೂಲು ಒರೆಸಿ ಕೊಟ್ಟ. ಫ್ರೀಜರ್ ಕೆಟ್ಟಿದೆಯಾ ಎಂದು ಕೇಳಿದ.

“ಫ್ರೀಜರ್ ಚೆನ್ನಾಗಿದೆ. ನನ್ನ ಹಲ್ಲು ಕೆಟ್ಟಿತ್ತು.”

ಅವನಿಗೆ ಅರ್ಥವಾಗಲಿಲ್ಲ. ಅವಳು ಕೂರಲಿಲ್ಲ, ಕೂತರೆ ಧೈರ್ಯ ಹೋಗುತ್ತದೆ ಎಂದು ನಿಂತೇ ಹೇಳಿದಳು. ಆ ದಿನ ತಣ್ಣಗಿನದು ಹಲ್ಲಿಗೆ ತಾಗಿ ಪ್ರಾಣ ಹೋದಂತಾಯಿತು, ಮುಖ ಹಾಗಾಗಿದ್ದು ನೋವಿಗೆ, ನಿಮ್ಮ ಮಾತಿಗಲ್ಲ. ಬಾಯಿ ತೊಳೆದು ಉತ್ತರ ಹೇಳೋಣ ಎಂದು ಬರುವಷ್ಟರಲ್ಲಿ ನೀವಿರಲಿಲ್ಲ.

ಅವನು ಸ್ಕ್ರೂಡ್ರೈವರನ್ನು ಬೆಂಚಿನ ಮೇಲಿಟ್ಟ.

“ನಾನು ನಿಮಗೆ ಅಸಹ್ಯ ಆಯ್ತು ಅಂದ್ಕೊಂಡೆ,” ಎಂದ ಮೆಲ್ಲಗೆ. “ಅಷ್ಟು ಜೋರಾಗಿ ಬೇಡ ಅಂತ ನನಗೆ ಯಾರೂ ಹೇಳಿರ್ಲಿಲ್ಲ.”

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆದುಕೊಂಡಳು. ಇನ್ನೂ ಅರ್ಧ ಉಳಿದಿತ್ತು, ಕಷ್ಟದ ಅರ್ಧ.

“ಭಾವ ನಿಮಗೆ ನನ್ನ ಹೆಸರಿನ ಕಥೆ ಹೇಳಿದ್ರಲ್ಲ, ಅದು ನಿಜ. ನಾನು ನಿಮಗೆ ಸುಳ್ಳು ಹೇಳಿದ್ದೆ. ನಿದ್ದೇಲಿ ಹಲ್ಲು ಕಡೀತೀನಿ. ಜೋರಾಗಿ. ಈಗ ಗಾರ್ಡ್ ಹಾಕ್ತೀನಿ, ಆದ್ರೂ ಪೂರ್ತಿ ನಿಲ್ಲುತ್ತೋ ಇಲ್ವೋ ಗೊತ್ತಿಲ್ಲ. ಅದು ಬೇಡ ಅನಿಸಿದ್ರೆ ಈಗ್ಲೇ ಹೇಳಿಬಿಡಿ. ನಾನು ಬೇಜಾರು ಮಾಡ್ಕೊಳ್ಳಲ್ಲ.”

ಕೊನೆಯದು ಶುದ್ಧ ಸುಳ್ಳು. ಅವಳ ಕಣ್ಣು ಆಗಲೇ ತುಂಬಿತ್ತು.

ಅವನು ಕೇಳಿದ.

“ಮೊದಲನೇ ದಿನ ನಿಮ್ಮ ಮಿಷನ್ ಯಾಕೆ ಬಿಚ್ಚಿದೆ ಅಂತ ನೆನಪಿದೆಯಾ?”

“ಸದ್ದು ಬರ್ತಿತ್ತು ಅಂದ್ರಿ...”

“ಬರ್ತಿತ್ತು. ಕರಕರ ಅಂತ. ಮಿಷನ್ ಆಫ್ ಮಾಡಿದೆ, ಸದ್ದೂ ನಿಂತಿತು. ಸರಿ, ಬೇರಿಂಗೇ ಅಂತ ಬಿಚ್ಚಿದೆ. ನೋಡಿದ್ರೆ ಬೇರಿಂಗ್ ಹೊಸದರ ಹಾಗಿದೆ. ಎಲ್ಲ ಬಿಚ್ಚಿ ನೆಲದ ಮೇಲೆ ಹರಡಿ ಕೂತಿದ್ದೀನಿ, ಆಗ ಮತ್ತೆ ಶುರುವಾಯ್ತು. ಬಿಚ್ಚಿಟ್ಟ ಮಿಷನ್ ಸದ್ದು ಮಾಡುತ್ತಾ? ಎಲ್ಲಿಂದ ಅಂತ ಹುಡುಕ್ತಾ ತಿರುಗಿ ನೋಡಿದೆ. ನೀವು ಕುರ್ಚೀಲಿ ಮಲಗಿದ್ರಿ.”

ಅವಳು ಕಣ್ಣರಳಿಸಿ ನಿಂತಳು. ಆ ದಿನ ಕಣ್ಣು ಬಿಟ್ಟಾಗ ಅವನು ಮಿಷನ್ ಬಿಟ್ಟು ತನ್ನನ್ನೇ ನೋಡುತ್ತಿದ್ದುದು... ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡಿದ್ದು... ಅಷ್ಟು ಬೈದರೂ ತಪ್ಪು ನನ್ನದೇ ಎಂದಿದ್ದು!

“ನಾನು ಅಷ್ಟು ಬೈದೆ. ಆಗಲೇ ಹೇಳ್ಬಹುದಿತ್ತಲ್ಲ?”

“ಹೇಳಿದ್ರೆ ನಿಮಗೆ ನಾಚಿಕೆ ಆಗ್ತಿತ್ತು. ಬೈಸಿಕೊಳ್ಳೋದೇ ವಾಸಿ ಅನಿಸ್ತು.”

“ಹಾಗಾದ್ರೆ ಭಾವ ಹೇಳೋ ಮೊದಲೇ...”

“ನಿಮ್ಮ ಭಾವ ಹೊಸದೇನೂ ಹೇಳ್ಲಿಲ್ಲ. ಗಿರಣಿ ಅಂತ ಯಾಕೆ ಕರೀತಾರೆ ಅಂತ ನಾನು ಕೇಳಿದ್ದೂ ಗೊತ್ತಿದ್ದೇ. ನೀವಾಗೇ ಹೇಳ್ತೀರೇನೋ ಅಂತ ಕಾದೆ. ಹೇಳ್ಲಿಲ್ಲ, ಹೋಗ್ಲಿ ಬಿಡು ಅಂದ್ಕೊಂಡೆ. ಮದುವೆ ಆಗೋಣ್ವಾ ಅಂತ ಕೇಳಿದ್ದು ಆ ಸದ್ದು ಗೊತ್ತಿದ್ದೂನೇ.”

ಇಷ್ಟು ದಿನ ಅವಳು ಹೆದರಿದ್ದು ಗೊತ್ತಾದರೆ ಹೋಗಿಬಿಡುತ್ತಾನೆ ಎಂದು. ಅವನು ಬರಲು ಶುರುಮಾಡಿದ್ದೇ ಗೊತ್ತಾದ ಮೇಲೆ. ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ತಡೆದಿದ್ದ ಅಳು ಈಗ ಬಂತು, ನಾಚಿಕೆಯಿಲ್ಲದೆ ಅತ್ತಳು. ಅವನು ಎಣ್ಣೆಯ ಕೈಯನ್ನು ಎಲ್ಲಿಡಬೇಕೆಂದು ತೋಚದೆ, ಕೊನೆಗೆ ಒಂದು ಒಗೆದ ಬಟ್ಟೆ ಹುಡುಕಿ ಕೊಟ್ಟ.

ಅವಳು ಕಣ್ಣು ಒರೆಸಿಕೊಂಡು ಎದ್ದು, ಅವನ ಎದುರಿಗೆ ನಿಂತಳು.

“ಇನ್ನೊಂದು ಸಲ ಕೇಳಿ. ಈಗ ಬಾಯಲ್ಲಿ ಏನೂ ಇಲ್ಲ. ಮುಖ ಸರಿಯಾಗಿ ನೋಡಿ ಆಮೇಲೆ.”

ಅವನು ಓಡುತ್ತಿದ್ದ ಕಂಪ್ರೆಸರನ್ನು ಆಫ್ ಮಾಡಿದ. ವರ್ಕ್‌ಶಾಪು ಸದ್ದಿಲ್ಲದಂತಾಯಿತು.

“ಮದುವೆ ಆಗೋಣ್ವಾ?”

“ಆಗೋಣ.”

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಹೇಳಿದಂತೆ, ಸರಿಯಾಗಿ.

“ನೋವಿಲ್ಲ ತಾನೆ?” ಎಂದು ಕೇಳಿದ.

“ಇಲ್ಲ,” ಎಂದಳು.